ಎಲೆ ಕೆಂಪಾಗುವ ವಾರ ಸ್ಕೈಲೈನ್ ಡ್ರೈವ್: ಒಂದು ದಿನದ ಪಯಣ ಹೀಗೆ ಮಾಡಿ

ಅಕ್ಟೋಬರ್ ಬಂತು ಅಂದರೆ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ. "ಫಾಲ್ ಕಲರ್ಸ್ ನೋಡೋಕೆ ಎಲ್ಲಿಗೆ ಹೋಗೋದು? ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಜಾಸ್ತಿ ನಡೆಯೋಕಾಗಲ್ಲ." ನನ್ನ ಉತ್ತರ ಹಲವು ವರ್ಷಗಳಿಂದ ಅದೇ. ಶೆನಂಡೋವಾ ನ್ಯಾಷನಲ್ ಪಾರ್ಕಿನ ಸ್ಕೈಲೈನ್ ಡ್ರೈವ್‌ಗೆ ಹೋಗಿ. ಆದರೆ ಪೂರ್ತಿ ರಸ್ತೆ ಓಡಿಸಲು ಹೋಗಬೇಡಿ. ಮಧ್ಯದ 34 ಮೈಲಿ ಸಾಕು. ಅದನ್ನೇ ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ ನೋಡಿ.

ಯಾಕೆ ಹೀಗೆ ಹೇಳುತ್ತೇನೆ ಅಂತ ತಿಳಿಯಲು ಮೊದಲು ಆ ರಸ್ತೆ ಎಂಥದ್ದು ಅಂತ ಗೊತ್ತಿರಬೇಕು. ಚಾರ್ಮಾಡಿ, ಆಗುಂಬೆ, ಶಿರಾಡಿ ನೋಡಿದ ನಮಗೆ ಘಾಟಿ ಅಂದರೆ ಹತ್ತುವುದು, ಇಲ್ಲವೇ ಇಳಿಯುವುದು. ಇದು ಬೇರೆ. ಒಮ್ಮೆ ಮೇಲೆ ಹತ್ತಿದರೆ ಆಯಿತು, ಆಮೇಲೆ ರಸ್ತೆ ಬ್ಲೂ ರಿಡ್ಜ್ ಬೆಟ್ಟಸಾಲಿನ ನೆತ್ತಿಯ ಮೇಲೆಯೇ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಒಟ್ಟು 105 ಮೈಲಿ, ಅಂದರೆ ಸುಮಾರು 169 ಕಿಲೋಮೀಟರ್. ಪಶ್ಚಿಮಕ್ಕೆ ಶೆನಂಡೋವಾ ಕಣಿವೆ, ಅದರ ನಡುವೆ ಮಸ್ಸಾನಟನ್ ಬೆಟ್ಟ. ಪೂರ್ವಕ್ಕೆ ಪೀಡ್‌ಮಾಂಟ್ ಎಂಬ ಏರಿಳಿತದ ಬಯಲು. ರಸ್ತೆಯ ಅತಿ ಎತ್ತರದ ಜಾಗ ಸ್ಕೈಲ್ಯಾಂಡ್, 3,680 ಅಡಿ. ಹತ್ತಿರ ಹತ್ತಿರ ನಮ್ಮ ಮಡಿಕೇರಿಯ ಎತ್ತರ ಅನ್ನಿ.

ಇಡೀ ರಸ್ತೆಗೆ ವೇಗದ ಮಿತಿ ಗಂಟೆಗೆ 35 ಮೈಲಿ. ಎಲ್ಲೂ ನಿಲ್ಲದೆ ಓಡಿಸಿದರೂ ಮೂರು ಗಂಟೆ ಬೇಕು. ಕಾರು ನಿಲ್ಲಿಸಿ ಕಣಿವೆ ನೋಡಲೆಂದೇ ಮಾಡಿದ ಜಾಗಗಳು, ಅಲ್ಲಿ ಓವರ್‌ಲುಕ್ ಅನ್ನುತ್ತಾರೆ, ಎಪ್ಪತ್ತರ ಹತ್ತಿರ ಇವೆ. ಪೂರ್ತಿ ಮುಗಿಸಬೇಕು ಅಂತ ಹೊರಟವರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ, ಆಮೇಲೆ ಎಲ್ಲೂ ಇಳಿಯದೆ ಕಿಟಕಿಯಿಂದಲೇ ನೋಡಿಕೊಂಡು ಬರುತ್ತಾರೆ. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ, ಮಕ್ಕಳ ಕೈಯಲ್ಲಿ ಫೋನು. ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ, ಅಲ್ವಾ?

ಮೊದಲು ವಾರ ಆರಿಸಿ

ನಮ್ಮ ಕಡೆ ಎಲೆ ಉದುರುವುದು ಯುಗಾದಿಗೆ ಮುಂಚೆ. ಇಲ್ಲಿ ನವರಾತ್ರಿ, ದೀಪಾವಳಿಯ ಹೊತ್ತಿಗೆ. ಸಾಮಾನ್ಯವಾಗಿ ಅಕ್ಟೋಬರ್ ನಡುವಿನಿಂದ ತಿಂಗಳ ಕೊನೆಯವರೆಗೆ ಬಣ್ಣ ತುಂಬಿರುತ್ತದೆ. ಆದರೆ ಬೆಟ್ಟವೆಲ್ಲ ಒಂದೇ ದಿನ ಕೆಂಪಾಗುವುದಿಲ್ಲ. ಮೇಲಿನ ಮರಗಳಿಗೆ ಮೊದಲು ಚಳಿ ತಟ್ಟುತ್ತದೆ, ಹಾಗಾಗಿ ಬಣ್ಣ ನೆತ್ತಿಯಲ್ಲಿ ಶುರುವಾಗಿ ದಿನದಿಂದ ದಿನಕ್ಕೆ ಕೆಳಗಿಳಿಯುತ್ತದೆ. ಇದನ್ನು ನೆನಪಿಟ್ಟುಕೊಂಡರೆ ವಾರ ತಪ್ಪಿದರೂ ಪಯಣ ಹಾಳಾಗುವುದಿಲ್ಲ. ಅಕ್ಟೋಬರ್ ಎರಡನೇ, ಮೂರನೇ ವಾರ ಹೋಗುವವರು ಎತ್ತರದ ಮಧ್ಯಭಾಗ ಹಿಡಿಯಿರಿ. ತಿಂಗಳ ಕೊನೆಗೋ ನವೆಂಬರ್ ಮೊದಲ ವಾರಕ್ಕೋ ರಜೆ ಸಿಕ್ಕರೆ ಮೇಲೆ ಬರೀ ಕೊಂಬೆ ಇರಬಹುದು. ಆಗ ತಗ್ಗಿನಲ್ಲಿರುವ ಎರಡು ತುದಿಗಳು ವಾಸಿ, ಉತ್ತರದ ಫ್ರಂಟ್ ರಾಯಲ್ ಕಡೆ, ಇಲ್ಲವೇ ದಕ್ಷಿಣದ ರಾಕ್‌ಫಿಶ್ ಗ್ಯಾಪ್ ಕಡೆ.

ಮರಗಳಿಗೂ ಸರದಿ ಇದೆ. ಬ್ಲ್ಯಾಕ್ ಗಮ್ ಮರ ಮತ್ತು ಮರಕ್ಕೆ ಹಬ್ಬಿದ ವರ್ಜೀನಿಯಾ ಕ್ರೀಪರ್ ಬಳ್ಳಿ ಸೆಪ್ಟೆಂಬರ್ ಕೊನೆಗೇ ಕೆಂಪಾಗುತ್ತವೆ. ಆಮೇಲೆ ಮೇಪಲ್. ಟ್ಯುಲಿಪ್ ಪಾಪ್ಲರ್ ಮತ್ತು ಹಿಕರಿ ಬಂಗಾರದ ಹಳದಿ. ಓಕ್ ಎಲ್ಲರಿಗಿಂತ ಕೊನೆ, ಇಟ್ಟಿಗೆಯ ಕೆಂಪು, ಕಂದು. ಈ ಬೆಟ್ಟದಲ್ಲಿ ಓಕ್ ಮರಗಳೇ ಜಾಸ್ತಿ. ಹಾಗಾಗಿ ಕ್ಯಾಲೆಂಡರ್ ಚಿತ್ರದ ಹಾಗೆ ಎಲ್ಲವೂ ಉರಿಯುವ ಕೆಂಪು ಇರುತ್ತದೆ ಅಂತ ಅಪ್ಪ ಅಮ್ಮನಿಗೆ ಆಸೆ ಹುಟ್ಟಿಸಬೇಡಿ. ಇಲ್ಲಿಯ ಚೆಂದ ಇರುವುದು ಹಳದಿ, ಕಂದು, ಕೆಂಪು ಒಂದರ ಪಕ್ಕ ಒಂದು ಬಂದಾಗ.

ಬಣ್ಣ ಎಲ್ಲಿಂದ ಬರುತ್ತದೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಹೀಗೆ ಹೇಳಬಹುದು: ಹಗಲು ಕಮ್ಮಿಯಾದ ಹಾಗೆ ಎಲೆಯ ಪತ್ರಹರಿತ್ತು ಕರಗುತ್ತದೆ. ಹಸಿರು ಹೋದಾಗ ಕಾಣುವ ಹಳದಿ ಹೊಸದಲ್ಲ, ಬೇಸಿಗೆಯುದ್ದಕ್ಕೂ ಎಲೆಯೊಳಗೆ ಇದ್ದದ್ದೇ. ಕೆಂಪು ಮಾತ್ರ ಹೊಸದು. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಗ ತಯಾರಾಗುವ ಆಂಥೋಸಯಾನಿನ್ ಅನ್ನುವ ಬಣ್ಣ ಅದು. ನಮ್ಮ ಮಾವಿನ ಚಿಗುರು ಕೆಂಪಗಿರುವುದಕ್ಕೂ ಅದೇ ಬಣ್ಣ ಕಾರಣ. ಊರಿನಲ್ಲಿ ಎಲೆ ಹುಟ್ಟುವಾಗ ನೋಡಿದ ಕೆಂಪನ್ನು ಇಲ್ಲಿ ಎಲೆ ಉದುರುವಾಗ ನೋಡುತ್ತೇವೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮ ಬೀಳದಷ್ಟು ಚಳಿ, ಹೀಗೆ ನಾಲ್ಕಾರು ದಿನ ಸಿಕ್ಕರೆ ಕೆಂಪು ಚೆನ್ನಾಗಿ ಕಟ್ಟುತ್ತದೆ. ಹವಾಮಾನ ನೋಡುವಾಗ ಅದನ್ನು ಗಮನಿಸಿ. ಗಾಳಿ ಮಳೆ ಒಂದು ರಾತ್ರಿ ಜೋರಾಗಿ ಬಂದರೆ ಅರ್ಧ ಎಲೆ ನೆಲದ ಮೇಲೆ, ಹಾಗಾಗಿ ಬಿರುಗಾಳಿ ಮುನ್ಸೂಚನೆ ಇದ್ದರೆ ಅದಕ್ಕಿಂತ ಮುಂಚೆಯೇ ಹೋಗಿಬಿಡಿ.

ವಾರದ ಯಾವ ದಿನ, ಎಷ್ಟು ಗಂಟೆಗೆ

ಅಕ್ಟೋಬರಿನ ಶನಿವಾರ ಭಾನುವಾರ ಗೇಟಿನ ಮುಂದೆ ಕಾರುಗಳ ಉದ್ದ ಸಾಲು ಇರುತ್ತದೆ. ಒಂದು ದಿನ ರಜೆ ಹಾಕಿ ಮಂಗಳವಾರ, ಬುಧವಾರ ಹೋಗಲು ಆಗುವುದಾದರೆ ಖಂಡಿತ ಹಾಗೆ ಮಾಡಿ. ಆಗದಿದ್ದರೆ ಬೆಳಕು ಹರಿಯುವ ಮುಂಚೆ ಗೇಟು ದಾಟಿ. ಅಕ್ಟೋಬರ್ ಕೊನೆಯ ಹೊತ್ತಿಗೆ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳೂವರೆಯ ಆಸುಪಾಸು. ಮುಳುಗುವುದು ಸಂಜೆ ಆರೂಕಾಲರ ಆಸುಪಾಸು. ಹರ್ನ್‌ಡನ್, ಆ್ಯಶ್‌ಬರ್ನ್ ಕಡೆಯವರು ಐದೂವರೆಗೆ ಮನೆ ಬಿಟ್ಟರೆ ಸರಿಹೋಗುತ್ತದೆ.

ಪಾರ್ಕಿಗೆ ನಾಲ್ಕು ಗೇಟುಗಳಿವೆ. ಫ್ರಂಟ್ ರಾಯಲ್ ಸೊನ್ನೆಯ ಮೈಲಿ. ಥಾರ್ನ್‌ಟನ್ ಗ್ಯಾಪ್ 31.5. ಸ್ವಿಫ್ಟ್ ರನ್ ಗ್ಯಾಪ್ 65.5. ಇವೆರಡರ ನಡುವಿನದೇ ನಾನು ಹೇಳಿದ 34 ಮೈಲಿ. ಕೊನೆಯದು ರಾಕ್‌ಫಿಶ್ ಗ್ಯಾಪ್. ವಾಷಿಂಗ್ಟನ್ ಕಡೆಯಿಂದ ಹತ್ತಿರ ಅಂತ ಎಲ್ಲರೂ ಫ್ರಂಟ್ ರಾಯಲ್‌ಗೆ ಹೋಗುತ್ತಾರೆ. ನೀವು 66ನೇ ಹೆದ್ದಾರಿ ಬಿಟ್ಟು ವಾರೆಂಟನ್ ಮೇಲೆ 211ನೇ ರಸ್ತೆ ಹಿಡಿದು, ಸ್ಪೆರಿವಿಲ್ ದಾಟಿ ಥಾರ್ನ್‌ಟನ್ ಗ್ಯಾಪ್‌ಗೆ ಬನ್ನಿ. ಸ್ಪೆರಿವಿಲ್ ಆದ ಮೇಲೆ ಹತ್ತುವ ರಸ್ತೆ ನಮ್ಮ ಘಾಟಿಯ ಹಾಗೆಯೇ, ತಿರುವಿನ ಮೇಲೆ ತಿರುವು.

ನಾನು ಕಳೆದ ಸಲ ಕೊಟ್ಟದ್ದು ಕಾರಿಗೆ 30 ಡಾಲರ್. ಅದು ಏಳು ದಿನ ನಡೆಯುತ್ತದೆ. ತಲೆಗೆ ಇಷ್ಟು ಅಂತ ಇಲ್ಲ, ಕಾರಿನಲ್ಲಿ ಎಷ್ಟು ಜನ ಇದ್ದರೂ ಅಷ್ಟೇ. ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ಪಾಸ್ ತೆಗೆದುಕೊಂಡು ಫೋನಿನಲ್ಲಿ ಉಳಿಸಿಕೊಳ್ಳಿ, ಗೇಟಿನ ಹತ್ತಿರ ಸಿಗ್ನಲ್ ನಂಬಬೇಡಿ. ಮನೆಯಲ್ಲಿ ನಾಲ್ಕನೇ ಗ್ರೇಡಿನ ಮಗು ಇದ್ದರೆ ಆ ವರ್ಷ ನ್ಯಾಷನಲ್ ಪಾರ್ಕುಗಳಿಗೆ ಉಚಿತ ಪಾಸ್ ಸಿಗುತ್ತದೆ, ತುಂಬ ಜನಕ್ಕೆ ಇದು ಗೊತ್ತಿಲ್ಲ. 62 ದಾಟಿದವರ ಸೀನಿಯರ್ ಪಾಸ್ ಇಲ್ಲಿಯ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಅದು ಸಿಗುವುದಿಲ್ಲ.

ಹಿಂದಿನ ರಾತ್ರಿ

ಟ್ಯಾಂಕ್ ತುಂಬಿಸಿ. ಟೈರಿನ ಗಾಳಿ ನೋಡಿ, ಚಳಿ ಬಿದ್ದ ಹೊಸದರಲ್ಲಿ ಗಾಳಿ ಇಳಿದಿರುತ್ತದೆ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಬೆಳಗಿನ ಸೂರ್ಯ ಓರೆಯಾಗಿ ಬಿದ್ದಾಗ ಒಳಗಿನ ಜಿಡ್ಡಿಗೆ ರಸ್ತೆಯೇ ಕಾಣುವುದಿಲ್ಲ. ಬೆಟ್ಟದ ಮೇಲೆ ಬಹಳ ಕಡೆ ಫೋನಿಗೆ ಸಿಗ್ನಲ್ ಇಲ್ಲ, ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಮಂಜು, ಐಸ್, ಬಿದ್ದ ಮರ ಇದ್ದರೆ ರಸ್ತೆ ಮುಚ್ಚುತ್ತಾರೆ, ಹಾಗಾಗಿ ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟ್ ಒಮ್ಮೆ ನೋಡಿ.

ಊಟ ಮನೆಯಿಂದಲೇ ಒಯ್ಯಿರಿ. ಮೇಲೆ ಸ್ಕೈಲ್ಯಾಂಡ್, ಬಿಗ್ ಮೆಡೋಸ್‌ನಲ್ಲಿ ಊಟ ಸಿಗುತ್ತದೆ ನಿಜ. ಆದರೆ ನಮ್ಮ ಹಿರಿಯರು ತಿನ್ನುವಂಥದ್ದು ಕಮ್ಮಿ, ಕಾಯುವುದು ಜಾಸ್ತಿ. ಪುಳಿಯೋಗರೆ ಇಂಥ ಪಯಣಕ್ಕೆಂದೇ ಹುಟ್ಟಿದ ತಿಂಡಿ. ಚಪಾತಿಗೆ ಒಣ ಪಲ್ಯ ಸುತ್ತಿ ಇಟ್ಟರೆ ಮಕ್ಕಳು ಕೈಯಲ್ಲೇ ತಿನ್ನುತ್ತಾರೆ. ಮೊಸರನ್ನ ಬೇಕೇ ಬೇಕು ಅನ್ನುವವರಿಗೆ ಹಾಲು ಜಾಸ್ತಿ, ಮೊಸರು ಕಮ್ಮಿ ಹಾಕಿ ಕಲಸಿ, ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ಎರಡು ಪಾಲು ಇರಲಿ. ಒಂದು ಪಾಲು ಸೂರ್ಯ ಹುಟ್ಟುವಾಗಲೇ ಖಾಲಿಯಾಗುತ್ತದೆ.

ಮೇಲೆ ಕೆಳಗಿನ ಕಣಿವೆಗಿಂತ ಸುಮಾರು 10 ಡಿಗ್ರಿ ಫ್ಯಾರನ್‌ಹೀಟ್ ತಂಪು, ಜೊತೆಗೆ ಗಾಳಿ. ಅಮ್ಮ "ಸ್ವೆಟರ್ ಇದೆಯಲ್ಲ" ಅಂದರೂ ಕೇಳದೆ ದಪ್ಪ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ ತೆಗೆದುಕೊಳ್ಳಿ. ಸೀರೆ ಉಡುವವರಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಉದುರಿದ ಎಲೆಯ ಮೇಲೆ ಇಬ್ಬನಿ ಬಿದ್ದರೆ ಚಪ್ಪಲಿ ಎಣ್ಣೆ ಮೇಲೆ ಇಟ್ಟ ಹಾಗೆ ಜಾರುತ್ತದೆ.

ತಿರುವಿಗೆ ತಲೆ ಸುತ್ತುವವರು ಇದ್ದರೆ ಅವರು ಮುಂದಿನ ಸೀಟಿನಲ್ಲಿ ಕೂರಲಿ. ಊರಿನ ಬಸ್ಸಿನಲ್ಲಿ ಮಾಡುವ ಹಾಗೆ ನಿಂಬೆಹಣ್ಣು ಕೈಯಲ್ಲಿರಲಿ. ಊರಿಂದ ತಂದ ವಾಂತಿ ಮಾತ್ರೆ ಹತ್ತುವಾಗ ನುಂಗಿದರೆ ಉಪಯೋಗಕ್ಕೆ ಬಾರದು, ಬೆಟ್ಟ ಹತ್ತುವ ಬಹಳ ಮುಂಚೆ ಮನೆಯಲ್ಲೇ ತೆಗೆದುಕೊಳ್ಳಬೇಕು. ಅದು ನಿದ್ದೆ ಬರಿಸುತ್ತದೆ, ಹಾಗಾಗಿ ಕಾರು ಓಡಿಸುವವರು ಮುಟ್ಟಬಾರದು.

ಗೇಟು ದಾಟಿ ದಕ್ಷಿಣಕ್ಕೆ

ಥಾರ್ನ್‌ಟನ್ ಗ್ಯಾಪ್ ಗೇಟಿನ ಹತ್ತಿರವೇ ಪನೋರಮಾ ಅನ್ನುವ ಜಾಗದಲ್ಲಿ ಶೌಚಾಲಯ ಇದೆ. ಎಲ್ಲರೂ ಅಲ್ಲಿ ಇಳಿದು ಹೋಗಿ ಬರಲಿ, ಬೇಡ ಅಂದವರೂ. ಆಮೇಲೆ ದಕ್ಷಿಣಕ್ಕೆ ತಿರುಗಿ.

ದಿಕ್ಕಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು. ಅಮೆರಿಕದಲ್ಲಿ ಕಾರು ರಸ್ತೆಯ ಬಲಕ್ಕೆ. ದಕ್ಷಿಣಕ್ಕೆ ಹೋಗುವಾಗ ನಿಮ್ಮ ಬಲಗಡೆ ಪಶ್ಚಿಮದ ಕಣಿವೆ. ಆ ಕಡೆಯ ಓವರ್‌ಲುಕ್‌ಗಳಿಗೆ ಎದುರಿನ ಕಾರಿಗೆ ಕಾಯದೆ ಸಲೀಸಾಗಿ ಒಳಗೆ ತಿರುಗಬಹುದು. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ, ಅಂದರೆ ನೀವು ಕಣಿವೆ ನೋಡುತ್ತ ನಿಂತಾಗ ನಿಮ್ಮ ಬೆನ್ನ ಹಿಂದೆ. ಎದುರಿನ ಬೆಟ್ಟದ ಮೇಲೆಲ್ಲ ಬೆಳಕು ಬಿದ್ದಿರುತ್ತದೆ. ಮಧ್ಯಾಹ್ನ ವಾಪಸ್ ಉತ್ತರಕ್ಕೆ ಬರುವಾಗ ಬಲಗಡೆ ಪೂರ್ವ ಬರುತ್ತದೆ, ಸೂರ್ಯ ಪಶ್ಚಿಮಕ್ಕೆ ಹೋಗಿರುತ್ತಾನೆ, ಮತ್ತೆ ಬೆಳಕು ನಿಮ್ಮ ಬೆನ್ನಿಗೆ. ಹೀಗೆ ಬೆಳಿಗ್ಗೆ ದಕ್ಷಿಣಕ್ಕೆ, ಮಧ್ಯಾಹ್ನದ ಮೇಲೆ ಉತ್ತರಕ್ಕೆ ಹೋದರೆ ಒಂದೇ ರಸ್ತೆ ಎರಡು ಬೇರೆ ರಸ್ತೆಗಳ ಹಾಗೆ ಕಾಣುತ್ತದೆ. ಇದಕ್ಕೇ ನಾನು ಮಧ್ಯಭಾಗವನ್ನೇ ಎರಡು ಸಲ ನೋಡಿ ಅನ್ನುವುದು.

ಇಲ್ಲಿ ಎಲ್ಲ ಜಾಗದ ವಿಳಾಸವೂ ಮೈಲಿಗಲ್ಲು. ದಕ್ಷಿಣಕ್ಕೆ ಹೋಗುವಾಗ ಬಲಬದಿಗೆ ಮೈಲಿಗೊಂದು ಗಿಡ್ಡ ಕಂಬ. ಹಿಂದಿನ ಸೀಟಿನ ಮಕ್ಕಳಿಗೆ ಅದನ್ನು ಓದಿ ಹೇಳುವ ಕೆಲಸ ಕೊಡಿ. ತುರ್ತು ಏನಾದರೂ ಆದರೂ ಸಹಾಯಕ್ಕೆ ಕರೆಯುವಾಗ ಹೇಳಬೇಕಾದ್ದು ಅದೇ ಸಂಖ್ಯೆ.

ಹೊರಟ ಕೂಡಲೇ 32.2ರಲ್ಲಿ ಮೇರಿಸ್ ರಾಕ್ ಸುರಂಗ. ಬಂಡೆ ಕೊರೆದು 1932ರಲ್ಲಿ ಮುಗಿಸಿದ್ದು, ಆರುನೂರು ಅಡಿಗೂ ಉದ್ದ. ಹೆಡ್‌ಲೈಟ್ ಹಾಕಿ, ಕಪ್ಪು ಕನ್ನಡಕ ತೆಗೆಯಿರಿ. ಎತ್ತರ 12 ಅಡಿ 8 ಇಂಚು, ಮನೆಯಂಥ ಆರ್‌ವಿ ಬಾಡಿಗೆಗೆ ತಂದವರು ಮಾತ್ರ ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಸುರಂಗ ದಾಟಿದರೆ 33ನೇ ಮೈಲಿಯಲ್ಲಿ ಹೇಝಲ್ ಮೌಂಟನ್ ಓವರ್‌ಲುಕ್. ಇದು ಪೂರ್ವಕ್ಕೆ ತೆರೆದಿದೆ, ಸೂರ್ಯೋದಯಕ್ಕೆ ಇಲ್ಲೇ ನಿಲ್ಲಿ. ಎಡಕ್ಕೆ ತಿರುಗಬೇಕು, ಎದುರಿನಿಂದ ಬರುವವರನ್ನು ನೋಡಿಕೊಳ್ಳಿ. ಕಾಫಿಯ ಮೊದಲ ಪಾಲು ಇಲ್ಲಿಗೆ. ಸೂರ್ಯ ಬಂದ ಕೂಡಲೇ ಹೊರಡಬೇಡಿ. ಆಮೇಲಿನ ಹದಿನೈದು ನಿಮಿಷವೇ ಮುಖ್ಯ. ಬೆಳಕು ಅಡ್ಡವಾಗಿ ಮರಗಳ ಒಳಗೆ ನುಗ್ಗುತ್ತದೆ. ರಸ್ತೆಬದಿಯ ಹಿಕರಿ ಮರದ ಕೆಳಗೆ ನಿಂತು ಸೂರ್ಯನ ಕಡೆಗೇ ಮುಖ ಮಾಡಿ ಒಂದು ಎಲೆಯನ್ನು ನೋಡಿ. ನರ ನರವೂ ಕಾಣುತ್ತದೆ, ಅಂಚಿನಲ್ಲಿ ಇನ್ನೂ ಸ್ವಲ್ಪ ಹಸಿರು ಉಳಿದಿರುತ್ತದೆ, ನಡುವೆಲ್ಲ ತುಪ್ಪದ ಬಣ್ಣ. ದೂರದ ಬೆಟ್ಟಕ್ಕೆ ಬೆಳಕು ಬೆನ್ನಿಗಿರಬೇಕು, ಹತ್ತಿರದ ಎಲೆಗೆ ಬೆಳಕು ಎದುರಿಗಿರಬೇಕು. ಫೋಟೋ ತೆಗೆಯುವವರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಇಲ್ಲಿಂದ ಬಿಗ್ ಮೆಡೋಸ್‌ವರೆಗೆ 18 ಮೈಲಿ. ಇದಕ್ಕೆ ಮೂರು ಗಂಟೆ ಕೊಡಿ. ಎಲ್ಲ ಓವರ್‌ಲುಕ್‌ಗೂ ಇಳಿಯಬೇಕಾಗಿಲ್ಲ. 38.6ರ ಸ್ಟೋನಿ ಮ್ಯಾನ್ ಓವರ್‌ಲುಕ್, 44.4ರ ಕ್ರೆಸೆಂಟ್ ರಾಕ್, 48ರ ಸ್ಪಿಟ್ಲರ್ ನಾಲ್, 49ರ ಫ್ರಾಂಕ್ಲಿನ್ ಕ್ಲಿಫ್ಸ್ ಎಲ್ಲ ಪಶ್ಚಿಮಕ್ಕೆ. ಇವುಗಳಲ್ಲಿ ಎರಡರಲ್ಲಿ ನಿಧಾನವಾಗಿ ಕುಳಿತರೆ ನಾಲ್ಕರಲ್ಲಿ ಇಳಿದು ಹತ್ತಿದ್ದಕ್ಕಿಂತ ಒಳ್ಳೆಯದು. ನನಗೆ ಇಷ್ಟ ಕ್ರೆಸೆಂಟ್ ರಾಕ್. ಅಲ್ಲಿಂದ ಹಾಕ್ಸ್‌ಬಿಲ್ ಕಾಣುತ್ತದೆ, 4,050 ಅಡಿ, ಈ ಪಾರ್ಕಿನ ಅತಿ ಎತ್ತರದ ಶಿಖರ. ಅದರ ಇಳಿಜಾರಿನಲ್ಲಿ ಬಣ್ಣ ಎಷ್ಟರ ಮಟ್ಟಿಗೆ ಇಳಿದಿದೆ ಅಂತ ಗೆರೆ ಎಳೆದ ಹಾಗೆ ಗೊತ್ತಾಗುತ್ತದೆ. ಮೇಲೆ ಬೋಳು ಕೊಂಬೆಯ ಬೂದು, ನಡುವೆ ಕೆಂಪು ಹಳದಿ, ಬುಡದಲ್ಲಿ ಇನ್ನೂ ಹಸಿರು.

ಓವರ್‌ಲುಕ್‌ಗಳ ಕಲ್ಲುಗೋಡೆಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ರಸ್ತೆಯ ಕೆಲಸ ಶುರುವಾದದ್ದು 1931ರಲ್ಲಿ. ಆಗ ಅಮೆರಿಕಕ್ಕೆ ದೊಡ್ಡ ಬಡತನದ ಕಾಲ. 1933ರಿಂದ 1942ರವರೆಗೆ ಕೆಲಸವಿಲ್ಲದ ಹುಡುಗರನ್ನು ಸರಕಾರ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಅನ್ನುವ ಪಡೆಗೆ ಸೇರಿಸಿಕೊಂಡು ಇಲ್ಲಿ ಗೋಡೆ ಕಟ್ಟಿಸಿತು, ಗಿಡ ನೆಡಿಸಿತು. ಕಳೆದ ಸಲ ಹೀಗೊಂದು ಗೋಡೆಯ ಮೇಲೆ ಅಮ್ಮ ಬ್ಲ್ಯಾಕ್ ಗಮ್‌ನ ಒಂದೇ ಒಂದು ಎಲೆ ಕಂಡರು. ಮೇಲ್ಮೈ ಮೇಣ ಬಳಿದ ಹಾಗೆ ಹೊಳೆಯುತ್ತಿತ್ತು, ಬಣ್ಣ ಅಂಗಡಿಯ ಕುಂಕುಮಕ್ಕಿಂತ ಸ್ವಲ್ಪ ಗಾಢ. ತೊಟ್ಟಿನ ಹತ್ತಿರ ಹುಳ ತಿಂದ ಸಣ್ಣ ತೂತು. "ಪುಸ್ತಕದಲ್ಲಿ ಇಟ್ಟುಕೊಳ್ತೀನಿ ಕಣೋ" ಅಂದರು. "ಪಾರ್ಕಿನಿಂದ ಏನೂ ಒಯ್ಯೋ ಹಾಗಿಲ್ಲಮ್ಮ" ಅಂದೆ. "ಹೌದಾ" ಅಂತ ಇನ್ನೊಮ್ಮೆ ತಿರುಗಿಸಿ ನೋಡಿ, ಅದು ಇದ್ದ ಕಲ್ಲಿನ ಮೇಲೇ ಇಟ್ಟರು. ಗಾಳಿಗೆ ಹೋಗದಿರಲಿ ಅಂತ ಪಕ್ಕದಲ್ಲಿದ್ದ ಓಕ್ ಕಾಯಿ ಒಂದನ್ನು ಅದರ ಮೇಲಿಟ್ಟರು.

ಓಡಿಸುವವರಿಗೆ ಒಂದು ಮಾತು. 35 ಅಂದರೆ 35. ಹಿಂದೆ ನಾಲ್ಕು ಕಾರು ಸೇರಿದವು ಅಂತ ಗಾಬರಿಯಾಗಿ ವೇಗ ಹೆಚ್ಚಿಸಬೇಡಿ. ಮುಂದಿನ ಓವರ್‌ಲುಕ್‌ಗೆ ತಿರುಗಿ ಅವರನ್ನು ಬಿಟ್ಟುಬಿಡಿ. ಸೈಕಲ್ಲಿನವರೂ ಇದೇ ರಸ್ತೆಯಲ್ಲಿ ಇರುತ್ತಾರೆ. ಜಿಂಕೆ, ಕರಡಿ ಕಂಡರೆ ರಸ್ತೆ ಮಧ್ಯೆ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಅಪಘಾತ ಆಗುವುದು ಹಾಗೆಯೇ.

ನಡೆಯುವವರಿಗೆ, ನಡೆಯಲಾಗದವರಿಗೆ

ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ 43ನೇ ಮೈಲಿಯ ಲಿಂಬರ್‌ಲಾಸ್ಟ್ ಹಾದಿ. 1.3 ಮೈಲಿಯ ಸುತ್ತು, ಸಣ್ಣ ಜಲ್ಲಿಪುಡಿ ಹಾಕಿ ಸಮ ಮಾಡಿದ್ದಾರೆ, ಅಲ್ಲಲ್ಲಿ ಬೆಂಚು. ಮಗುವಿನ ಸ್ಟ್ರಾಲರ್, ಗಾಲಿಕುರ್ಚಿ ಎರಡೂ ಹೋಗುತ್ತವೆ. ಪೂರ್ತಿ ಸುತ್ತಬೇಕಾಗಿಲ್ಲ, ಹತ್ತು ನಿಮಿಷ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು ಎಲೆ ಬೀಳುವ ಸದ್ದು ಕೇಳಿ ಬಂದರೂ ಸಾಕು.

ಒಂದು ಗಂಟೆ ನಡೆಯಬಲ್ಲವರಿಗೆ ಸ್ಕೈಲ್ಯಾಂಡ್‌ನಿಂದ ಸ್ಟೋನಿ ಮ್ಯಾನ್ ಶಿಖರ. ಹೋಗಿ ಬರಲು 1.6 ಮೈಲಿ, ಏರು ತೀರಾ ಕಡಿದಲ್ಲ. 4,011 ಅಡಿಯ ಮೇಲೆ ಬಂಡೆಯ ಅಂಚಿನಲ್ಲಿ ನಿಂತರೆ ಇಡೀ ಕಣಿವೆ ಕಾಲಡಿಗೆ. ಬಂಡೆಗೆ ಬೇಲಿ ಇಲ್ಲ, ಮಕ್ಕಳ ಕೈ ಬಿಡಬೇಡಿ.

50.7ರ ಡಾರ್ಕ್ ಹಾಲೋ ಜಲಪಾತದ ಹೆಸರು ಎಲ್ಲರ ಬಾಯಲ್ಲೂ ಇದೆ. 70 ಅಡಿಯ ಚೆಂದದ ಜಲಪಾತ. ಆದರೆ ಅಲ್ಲಿ ಹೋಗುವಾಗ ಇಳಿಜಾರು, ಬರುವಾಗ ಏರು. ಹುಮ್ಮಸ್ಸಿನಲ್ಲಿ ಇಳಿದುಬಿಟ್ಟ ಹಿರಿಯರು 440 ಅಡಿ ವಾಪಸ್ ಹತ್ತುವಾಗ ಒದ್ದಾಡುತ್ತಾರೆ. ಜೋಗ ನೋಡಿದವರಿಗೆ ಈ ಕಷ್ಟ ಬೇಡ ಅಂತ ನನ್ನ ಅನಿಸಿಕೆ. ಓಲ್ಡ್ ರ್‍ಯಾಗ್ ಶಿಖರ ಹತ್ತುವ ಆಸೆ ಇದ್ದವರು ಅದಕ್ಕೆ ಬೇರೆ ದಿನವೇ ಇಟ್ಟುಕೊಳ್ಳಿ. ಅದಕ್ಕೆ ಪಾರ್ಕಿನ ಹೊರಗಡೆಯಿಂದ ದಾರಿ, ಮಾರ್ಚ್‌ನಿಂದ ನವೆಂಬರ್‌ವರೆಗೆ ಪ್ರತ್ಯೇಕ ಟಿಕೆಟ್ಟೂ ಬೇಕು.

ಬಿಗ್ ಮೆಡೋಸ್‌ನಲ್ಲಿ ಊಟ

ಕಾಡಿನ ನಡುವೆ ಇದ್ದಕ್ಕಿದ್ದ ಹಾಗೆ ದೊಡ್ಡ ಹುಲ್ಲುಗಾವಲು ಸಿಗುತ್ತದೆ. 51ನೇ ಮೈಲಿ. ಅಕ್ಟೋಬರಿನಲ್ಲಿ ಹುಲ್ಲು ಒಣಗಿ ಹೊಂಬಣ್ಣ, ನಡುವೆ ಬೆರ್ರಿ ಪೊದೆಗಳು ಕೆಂಪು. ವಿಸಿಟರ್ ಸೆಂಟರ್, ಶೌಚಾಲಯ, ಪಿಕ್ನಿಕ್ ಮೇಜುಗಳು ಎಲ್ಲ ಇಲ್ಲಿವೆ. ಹನ್ನೊಂದೂವರೆಗೇ ಊಟಕ್ಕೆ ಕುಳಿತುಬಿಡಿ, ಹನ್ನೆರಡೂವರೆ ಆದರೆ ಮೇಜು ಸಿಗುವುದು ಕಷ್ಟ. ಊಟ ಆದ ಮೇಲೆ ಬ್ಲ್ಯಾಕ್‌ಬೆರ್ರಿ ಐಸ್‌ಕ್ರೀಮ್ ಪೈ ಒಂದನ್ನು ಎಲ್ಲರೂ ಹಂಚಿಕೊಂಡು ತಿನ್ನಿ. ಈ ಬೆಟ್ಟಕ್ಕೆ ಹೆಸರಾದ ಸಿಹಿ ಅದು.

ಡಬ್ಬಿಗಳನ್ನು ಮೇಜಿನ ಮೇಲೆ ಬಿಟ್ಟು ಸುಮ್ನೆ ತಿರುಗಾಡಲು ಹೋಗಬೇಡಿ. ಚಳಿಗಾಲಕ್ಕೆ ಮುಂಚೆ ಇಲ್ಲಿಯ ಕಪ್ಪು ಕರಡಿಗಳಿಗೆ ಭಾರೀ ಹಸಿವು, ಹಗಲೆಲ್ಲ ಓಕ್ ಕಾಯಿ ಹುಡುಕುತ್ತಿರುತ್ತವೆ. ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಜನರ ಹತ್ತಿರವೇ ಬರುತ್ತದೆ, ಕೊನೆಗೆ ತೊಂದರೆ ಆ ಪ್ರಾಣಿಗೇ. ಅನ್ನದ ಅಗುಳು, ಕರಿಬೇವು, ಕಡಲೆಬೀಜ ಯಾವುದನ್ನೂ ನೆಲಕ್ಕೆ ಚೆಲ್ಲಬೇಡಿ. ಉಳಿದದ್ದು ಕಾರಿನ ಡಿಕ್ಕಿಗೆ.

ಇದೇ ಬಿಗ್ ಮೆಡೋಸ್‌ನಲ್ಲಿ 1936ರ ಜುಲೈ 3ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪಾರ್ಕನ್ನು ಉದ್ಘಾಟಿಸಿದರು. ಅದಕ್ಕೂ ಮುಂಚೆ ಈ ಬೆಟ್ಟದಲ್ಲಿ ಜನ ಇದ್ದರು. ಸೇಬಿನ ತೋಟ, ಜೋಳದ ಹೊಲ, ಮನೆ, ಚರ್ಚು ಎಲ್ಲ ಇತ್ತು. ಪಾರ್ಕಿಗಾಗಿ ಐನೂರರಷ್ಟು ಕುಟುಂಬಗಳು ಜಾಗ ಬಿಡಬೇಕಾಯಿತು. ಇಂದು ಕಾಡು ಅಂತ ನಾವು ನೋಡುವ ಎಷ್ಟೋ ಇಳಿಜಾರು ಆಗ ಹೊಲ. ಶರಾವತಿ ಮುಳುಗಡೆಯ ಕಥೆ ಕೇಳುತ್ತಾ ಬೆಳೆದ ನನ್ನ ತಂದೆ, ನಾನು ಇದನ್ನು ಓದಿ ಹೇಳಿದಾಗ ತುಂಬ ಹೊತ್ತು ಮಾತಾಡಲಿಲ್ಲ. ಆ ಮನೆಗಳ ಗುರುತು ನೋಡಬೇಕು ಅನ್ನುವವರು ಇನ್ನೊಂದು ದಿನ ಉತ್ತರದ ಡಿಕಿ ರಿಡ್ಜ್‌ಗೆ, 4.6ನೇ ಮೈಲಿಗೆ ಹೋಗಿ. ಅಲ್ಲಿಯ ಫಾಕ್ಸ್ ಹಾಲೋ ಹಾದಿಯಲ್ಲಿ ಹಳೆಯ ಕಲ್ಲುಗೋಡೆ, ಆ ಮನೆತನದ ಸಮಾಧಿಗಳು ಇವೆ.

ಬಿಗ್ ಮೆಡೋಸ್‌ನಿಂದ ಸ್ವಿಫ್ಟ್ ರನ್ ಗ್ಯಾಪ್‌ವರೆಗೆ ಇನ್ನು 14 ಮೈಲಿ. ಜನ ಕಮ್ಮಿ, ಮರಗಳು ರಸ್ತೆಯ ಮೇಲೆ ಬಾಗಿಕೊಂಡಿರುತ್ತವೆ. 57.5ರಲ್ಲಿ ಲೂಯಿಸ್ ಮೌಂಟನ್. ಮೈಬಣ್ಣ ನೋಡಿ ಜನರನ್ನು ಬೇರೆ ಇಡುತ್ತಿದ್ದ ಕಾಲದಲ್ಲಿ ಕಪ್ಪು ಜನರಿಗೆಂದು 1939ರಲ್ಲಿ ತೆರೆದ ತಂಗುದಾಣ ಇದು. 1950ರ ಹೊತ್ತಿಗೆ ಆ ಭೇದ ಇಲ್ಲಿ ಕೊನೆಯಾಯಿತು. ಮಕ್ಕಳಿಗೆ ಹೇಳಬೇಕಾದ ವಿಷಯ, ನಿಲ್ಲಿಸಿ ಹೇಳಿ. ಮಗು ಸಿಡುಕುತ್ತಿದ್ದರೆ, ಮಂಜು ಕವಿದರೆ ಈ 14 ಮೈಲಿ ಬಿಟ್ಟು ಬಿಗ್ ಮೆಡೋಸ್‌ನಿಂದಲೇ ತಿರುಗಿ, ಏನೂ ನಷ್ಟವಿಲ್ಲ.

ವಾಪಸ್ ಉತ್ತರಕ್ಕೆ

ಎರಡು ಗಂಟೆಯ ಹೊತ್ತಿಗೆ ತಿರುಗಿಬಿಡಿ. ಈಗ ಬಲಗಡೆ ಪೂರ್ವ. ಬೆಳಿಗ್ಗೆ ನೆರಳಿನಲ್ಲಿದ್ದ ಇಳಿಜಾರುಗಳ ಮೇಲೆ ಈಗ ಬಿಸಿಲು. 40.5ರ ಥಾರೋಫೇರ್ ಮೌಂಟನ್ ಓವರ್‌ಲುಕ್‌ನಲ್ಲಿ ನಿಲ್ಲಿಸಿ. ಎದುರಿಗೆ ಕಾಣುವ ಬೋಳು ಬಂಡೆಯ ತಲೆ ಓಲ್ಡ್ ರ್‍ಯಾಗ್. ಆ ಗ್ರಾನೈಟ್ ನೂರು ಕೋಟಿ ವರ್ಷಕ್ಕೂ ಹಳೆಯದು. ಕಾಫಿಯ ಎರಡನೇ ಪಾಲಿಗೆ 36.7ರ ಪಿನಾಕಲ್ಸ್ ಪಿಕ್ನಿಕ್ ಜಾಗ ಚೆನ್ನ, ಶೌಚಾಲಯವೂ ಇದೆ.

ಸೂರ್ಯಾಸ್ತ ನೋಡಲೇಬೇಕು ಅನ್ನುವವರು ಸ್ಟೋನಿ ಮ್ಯಾನ್ ಓವರ್‌ಲುಕ್‌ಗೆ ಐದೂವರೆಗೇ ಬಂದು ಜಾಗ ಹಿಡಿಯಿರಿ. ಆದರೆ ಹಿರಿಯರು, ಚಿಕ್ಕ ಮಕ್ಕಳು ಇದ್ದರೆ ನಾನು ಇದನ್ನು ಬಿಡಿ ಅನ್ನುತ್ತೇನೆ. ಮುಸ್ಸಂಜೆಗೆ ಜಿಂಕೆಗಳು ರಸ್ತೆಗೆ ಬರುತ್ತವೆ. ಅಕ್ಟೋಬರ್, ನವೆಂಬರ್ ಅವು ಜೋಡಿ ಹುಡುಕುವ ಕಾಲ, ಹಿಂದೆ ಮುಂದೆ ನೋಡದೆ ಓಡುತ್ತವೆ. ಒಂದು ದಾಟಿತು ಅಂದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿದು ನಿಲ್ಲಿಸಿ. ಮಂಜು ಬಂದರೆ ಹೈ ಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಹಾಕಿ, ಬಲಗಡೆಯ ಬಿಳಿ ಗೆರೆ ನೋಡಿಕೊಂಡು ನಿಧಾನಕ್ಕೆ ಬನ್ನಿ. ನವೆಂಬರ್ ನಡುವಿನಿಂದ ಜನವರಿ ಶುರುವಿನವರೆಗೆ ಬೇಟೆಯ ಕಾಲ, ಆಗ ರಸ್ತೆಯ ಕೆಲವು ಭಾಗಗಳನ್ನು ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ ಮುಚ್ಚುತ್ತಾರೆ.

ಇಳಿಯುವಾಗ

ಗೇಟಿನಿಂದ ಸ್ಪೆರಿವಿಲ್‌ಗೆ ಇಳಿಯುವ ತಿರುವುಗಳಲ್ಲಿ ಮೊದಲ ವರ್ಷ ನಾನು ಬ್ರೇಕ್ ಮೇಲೆ ಇಟ್ಟ ಕಾಲು ತೆಗೆಯಲೇ ಇಲ್ಲ. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ರಬ್ಬರಿನಂಥ ವಾಸನೆ, ಪೆಡಲ್ ಮೆತ್ತಗಾದ ಹಾಗೆ. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟೆವು. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ, ಮಗಳು. ಆ ಅರ್ಧ ಗಂಟೆ ನನಗೆ ಈಗಲೂ ನೆನಪಿದೆ. ಊರಿನ ಘಾಟಿಯಲ್ಲಿ ಬಸ್ಸಿನವರು "ಹತ್ತಿದ ಗೇರಲ್ಲೇ ಇಳೀಬೇಕು" ಅನ್ನುವುದನ್ನು ಕೇಳಿದ್ದೆ. ಆಟೊಮ್ಯಾಟಿಕ್ ಕಾರಿಗೂ ಅದೇ ಮಾತು ಅಂತ ಹೊಳೆದಿರಲಿಲ್ಲ.

ಹಾಗಾಗಿ ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಬದಲಿಸಿ. ನಿಮ್ಮ ಕಾರಿನಲ್ಲಿ ಎಲ್, ಎಸ್, ಬಿ ಅಥವಾ ಪ್ಲಸ್ ಮೈನಸ್ ಗುರುತು ಇರುತ್ತದೆ. ಮನೆಯ ಹತ್ತಿರವೇ ಒಮ್ಮೆ ಹಾಕಿ ನೋಡಿ ಅಭ್ಯಾಸ ಮಾಡಿಕೊಳ್ಳಿ. ಇಂಜಿನ್ ಸದ್ದು ಜೋರಾಗುತ್ತದೆ, ಹೆದರಬೇಡಿ, ಕಾರನ್ನು ಹಿಡಿದಿಡುತ್ತಿರುವುದು ಅದೇ. ತಿರುವು ಬರುವ ಮುಂಚೆ ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಕಾಲು ಪೂರ್ತಿ ತೆಗೆಯಿರಿ. ಒದ್ದೆ ಎಲೆ ಹಾಸಿದ ತಿರುವಿನಲ್ಲಿ ಇದು ಇನ್ನೂ ಮುಖ್ಯ, ತಿರುವಿನ ನಡುವೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ.

ಬೆಳಕು ಇರುವಾಗಲೇ ಇಳಿದರೆ ಸ್ಪೆರಿವಿಲ್ ಕಡೆಯ ರಸ್ತೆಬದಿಯಲ್ಲಿ ಸೇಬಿನ ಅಂಗಡಿಗಳು ತೆರೆದಿರುತ್ತವೆ. ಈ ಕಣಿವೆಗಳು ಹಿಂದಿನಿಂದಲೂ ಸೇಬಿಗೆ ಹೆಸರು. ಒಂದು ಬುಟ್ಟಿ ಸೇಬು, ಮದ್ಯವಲ್ಲದ ಸೈಡರ್, ಅಂದರೆ ಸೇಬಿನ ರಸ, ಒಂದು ಜಗ್ ತೆಗೆದುಕೊಳ್ಳಿ. ಗೇರನ್ನು ಮತ್ತೆ ಡಿಗೆ ಹಾಕಿ. ಅಲ್ಲಿಂದ ಮನೆಗೆ ಒಂದೂವರೆ ಗಂಟೆ.